ಕೆಮ್ಮು ನಿಂತ ದೃಶ್ಯ

ಕಂಬ ಅಡ್ಡ ಬಂತು.

ಎರಡೂವರೆ ಕತ್ತನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ಚಾಚಿದಳು, ಕೊನೆಗೆ ಅರ್ಧ ಎದ್ದೂ ನೋಡಿದಳು. ಏನೇ ಸರ್ಕಸ್ಸು ಮಾಡಿದರೂ ಅಷ್ಟೇ. ಕೊನೆಯ ಸಾಲಿನ ಈ ಎಡಮೂಲೆಯ ಸೀಟಿನಲ್ಲಿ ಕೂತವರಿಗೆ ಪರದೆಯ ಎಡ ಅಂಚು ಕಾಣುವುದೇ ಇಲ್ಲ. ಹಿಂದೊಮ್ಮೆ ಗೋದಾಮಾಗಿದ್ದ ಕಟ್ಟಡವನ್ನು ಪ್ರಿವ್ಯೂ ಥಿಯೇಟರ್ ಮಾಡಿದ ಪುಣ್ಯಾತ್ಮರು ಸೀಟು ಹಾಕಿದರು, ಪರದೆ ಕಟ್ಟಿದರು. ಸೂರು ಹೊತ್ತ ಕಂಬವನ್ನು ಎಲ್ಲಿಗೆ ಕಳಿಸುತ್ತಾರೆ? ಅದು ಇದ್ದಲ್ಲೇ ನಿಂತಿತ್ತು.

ಪರದೆಯ ಮೇಲೆ ಭೂತದ ಚಿತ್ರ ಓಡುತ್ತಿತ್ತು. ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ. ನಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವಳು ನಲ್ಲಿ ನಿಲ್ಲಿಸುತ್ತಾಳೆ. ಎಡಕ್ಕೆ ತಿರುಗಿ ಏನನ್ನೋ ನೋಡಿ ಬಿಳಿಚಿಕೊಳ್ಳುತ್ತಾಳೆ. ಆ ಏನೋ ಎನ್ನುವುದು ಪೂರ್ತಿ ಕಂಬದ ಹಿಂದೆ ಉಳಿಯಿತು.

ಸಿಕ್ಕಿಬಿದ್ದ, ಅಂದುಕೊಂಡಳು ಎರಡೂವರೆ. ಬುಧವಾರದಿಂದ ಇದೇ ಮೊದಲು ಅವಳ ಎದೆ ಸ್ವಲ್ಪ ಹಗುರಾಯಿತು.

ಎರಡೂವರೆ ಅವಳ ಹೆಸರಲ್ಲ. ಯಾವ ಚಿತ್ರಕ್ಕೂ ಎರಡೂವರೆ ಸ್ಟಾರಿಗಿಂತ ಹೆಚ್ಚು ಕೊಡದ, ಕಡಿಮೆಯನ್ನೂ ಕೊಡದ ಅವಳಿಗೆ ಪತ್ರಿಕೆಯ ಕಚೇರಿಯವರು ಇಟ್ಟ ಅಡ್ಡಹೆಸರು. ಈಗ ಓಣಿಯ ಅಂಗಡಿಯವನೂ ಹಾಗೇ ಕರೆಯುತ್ತಾನೆ. ಮೊನ್ನೆ ಬುಧವಾರ ಇದೇ ಹಾಲಿನಲ್ಲಿ, ಇದೇ ಚಿತ್ರ ಓಡುತ್ತಿದ್ದಾಗ, ಹಿರಿಯ ವಿಮರ್ಶಕರಾದ ಮೇಷ್ಟ್ರನ್ನು ಯಾರೋ ಅವರದೇ ಶಾಲು ಬಿಗಿದು ಕೊಂದಿದ್ದರು, ಪೊಲೀಸರು ಪ್ರೊಜೆಕ್ಟರ್ ಓಡಿಸುತ್ತಿದ್ದ ಅವಳ ಭಾವನನ್ನು ಹಿಡಿದೊಯ್ದಿದ್ದರು. ಇವತ್ತು ಶುಕ್ರವಾರ, ಮಧ್ಯಾಹ್ನ. ಸಂಜೆ ಭಾವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಷ್ಟರೊಳಗೆ ಬೇರೊಬ್ಬನನ್ನು ತೋರಿಸದಿದ್ದರೆ ಅವನು ಮನೆಗೆ ಬರುವುದು ಯಾವ ಕಾಲಕ್ಕೋ.

ಪೊಲೀಸರ ಲೆಕ್ಕ ಸರಳವಾಗಿತ್ತು. ವಾರದ ಹೊಸ ಚಿತ್ರಗಳನ್ನೆಲ್ಲ ವಿಮರ್ಶಕರಿಗೆ ಒಂದೇ ದಿನ, ಒಂದರ ಬೆನ್ನಿಗೊಂದು ತೋರಿಸುವುದು ಇಲ್ಲಿನ ಪದ್ಧತಿ. ಯಾರೂ ಕದ್ದು ಚಿತ್ರೀಕರಿಸಬಾರದೆಂದು ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿ ಎಲ್ಲರೂ ಫೋನ್ ಹಾಕಿ ಒಳಗೆ ಬರಬೇಕು. ಆಮೇಲೆ ಭಾವ ಹೊರಗಿನಿಂದ ಚಿಲಕ ಜಡಿಯುತ್ತಾನೆ. ಚಿತ್ರ ಮುಗಿಯುವ ತನಕ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಅವತ್ತು ಒಳಗಿದ್ದದ್ದು ಮೇಷ್ಟ್ರು, ಎರಡೂವರೆ, ಧಾರಾಳಪ್ಪನೆಂಬ ಇನ್ನೊಬ್ಬ ವಿಮರ್ಶಕ, ಈ ಮೂವರೇ. ಇನ್ನೊಂದೇ ದಾರಿಯೆಂದರೆ ಹಾಲಿನ ಹಿಂಭಾಗದಲ್ಲಿ ಇಳಿಬಿಟ್ಟ ಬಟ್ಟೆಯ ಪರದೆಯ ಮರೆಯಲ್ಲಿರುವ ಕಿರಿದಾದ ಮೆಟ್ಟಿಲು. ಅದು ನೇರ ಪ್ರೊಜೆಕ್ಟರ್ ಕೋಣೆಗೆ ಹೋಗುತ್ತದೆ, ಅದರ ಬಾಗಿಲಿನ ಅಗುಳಿ ಇರುವುದು ಮೇಲಿನ ಕಡೆ. ಕತ್ತಲಲ್ಲಿ ಅಲ್ಲಿಂದ ಇಳಿದು ಮೇಷ್ಟ್ರ ಬೆನ್ನ ಹಿಂದೆ ನಿಲ್ಲಲು ಆಪರೇಟರನಿಗಲ್ಲದೆ ಮತ್ಯಾರಿಗೆ ಸಾಧ್ಯ? ಅದೂ ಸಾಲದೆಂಬಂತೆ, ಹೋದ ತಿಂಗಳು ಮೇಷ್ಟ್ರು ಈ ಹಾಲಿನಲ್ಲಿ ಚಿತ್ರ ಮಂಕಾಗಿ ಕಾಣುತ್ತದೆ ಎಂದು ಬರೆದಿದ್ದಕ್ಕೆ ಭಾವ ಅವರೊಡನೆ ಜಗಳವಾಡಿದ್ದ.

ಭಾವನಾದರೂ ಬಾಯಿ ಬಿಡಬೇಕೋ ಬೇಡವೋ. ನಿನ್ನೆ ಠಾಣೆಯಲ್ಲಿ ಅವಳು ಸರಳಿನ ಈಚೆ ನಿಂತು ಗೋಗರೆದಿದ್ದಳು.

"ಭಾವ, ಮೇಲೆ ನಿಮ್ಮ ಜೊತೆ ಯಾರಾದ್ರೂ ಇದ್ರಾ? ಇದ್ರೆ ಹೇಳಿ."

"ನನ್ನ ಏನೂ ಕೇಳ್ಬೇಡ ಪುಟ್ಟಿ," ಅಂದಿದ್ದ ಅವನು ನೆಲ ನೋಡುತ್ತ. "ನೀನು ಕೆಲಸಕ್ಕೆ ಹೋಗು. ಕೆಲಸ ಮಾತ್ರ ಬಿಡ್ಬೇಡ."

ಕೊಲೆ ಆರೋಪ ಹೊತ್ತವನಿಗೆ ನಾದಿನಿಯ ಕೆಲಸದ ಚಿಂತೆ ಯಾಕೆಂದು ಅವಳಿಗೆ ಅರ್ಥವಾಗಿರಲಿಲ್ಲ. ಗಾಬರಿಯಲ್ಲಿ ಏನೋ ಅಂದ ಎಂದುಕೊಂಡಿದ್ದಳು.

ಅವನು ಕೊಲೆ ಮಾಡುವವನಲ್ಲ. ಅಕ್ಕನಿಗೆ ಧೂಳು ಆಗದು, ಚೂರು ಧೂಳು ಮೂಗಿಗೆ ಹೋದರೂ ಕೆಮ್ಮು ಹತ್ತಿ ಕಣ್ಣು ಮೇಲಾಗುತ್ತದೆ. ಪ್ರೊಜೆಕ್ಟರ್ ಕೋಣೆಯಲ್ಲಾದರೋ ಬರೀ ಧೂಳು. ಹಾಗಾಗಿ ಭಾವ ಮದುವೆಯಾದಾಗಿನಿಂದ ದಿನವೂ ಅಂಗಿಯನ್ನು ಹೊರಗೇ ಕೊಡವಿ, ಕೈಕಾಲು ತೊಳೆದೇ ಮನೆಯೊಳಗೆ ಕಾಲಿಡುತ್ತಿದ್ದ. ಒಂದು ದಿನವೂ ತಪ್ಪಿಸಿದ್ದನ್ನು ಅವಳು ಕಂಡಿಲ್ಲ. ಇದನ್ನು ಪೊಲೀಸರಿಗೆ ಹೇಳಿದರೆ ನಗುತ್ತಾರೆ, ನಿಜ. ಅವಳಿಗೆ ಮಾತ್ರ ಅಷ್ಟು ಸಾಕಿತ್ತು.

ಈಗ ಪೊಲೀಸರಿಗೂ ಸಾಕಾಗುವಂಥದ್ದು ಸಿಕ್ಕಿತ್ತು. ಇವತ್ತು ಬೆಳಿಗ್ಗೆ ಬಂದ ವಾರಪತ್ರಿಕೆಯಲ್ಲಿ ಧಾರಾಳಪ್ಪ ಭೂತದ ಚಿತ್ರವನ್ನು ಹೊಗಳಿ ಅಟ್ಟಕ್ಕೇರಿಸಿದ್ದ. 'ತಾಯಿ ನಲ್ಲಿ ನಿಲ್ಲಿಸಿ ತಿರುಗುವಾಗ ಪರದೆಯ ಎಡ ಅಂಚಿನ ಹೊಸ್ತಿಲ ಮೇಲೆ ಕಾಣುವ ಆ ಒಂಟಿ ಕೆಂಪು ಚಪ್ಪಲಿ ಇಡೀ ಚಿತ್ರದ ಜೀವ' ಎಂದು ಬರೆದಿದ್ದ. ಪೊಲೀಸರ ಮುಂದೆ ಹೇಳಿದ್ದೇನು? ಚಿತ್ರದುದ್ದಕ್ಕೂ ತನ್ನ ಮಾಮೂಲಿ ಮೂಲೆಯ ಸೀಟು ಬಿಟ್ಟು ಕದಲಲಿಲ್ಲ ಎಂದು. ಮೂಲೆಯ ಸೀಟಿನಿಂದ ಎಡ ಅಂಚು ಕಾಣದು. ಚಪ್ಪಲಿ ನೋಡಿದ್ದರೆ ಅವನು ಬೇರೆಲ್ಲೋ ಇದ್ದ. ಬೇರೆಲ್ಲೋ ಎಂದರೆ ಎಲ್ಲಿ?

ಹಾಲಿಗೆ ಬರುವ ಮುಂಚೆ ಹೊರಗಿನ ಮೊಗಸಾಲೆಯಲ್ಲೇ ನಿಂತು ಅವಳು ತನ್ನ ಸಂಪಾದಕರಿಗೆ ಇದನ್ನೆಲ್ಲ, ಧಾರಾಳಪ್ಪನನ್ನು ಇಲ್ಲಿಗೆ ಬರಹೇಳಿದ್ದನ್ನೂ ಸೇರಿಸಿ, ಫೋನಿನಲ್ಲಿ ಉಸಿರು ಬಿಡದೆ ಹೇಳಿದ್ದಳು. ಈ ಎರಡು ದಿನ ತಲೆ ಮೇಲೆ ಕೈಯಿಟ್ಟು ಧೈರ್ಯ ಹೇಳಿದ್ದು ಅವರೊಬ್ಬರೇ. ಅಕ್ಕನಂತೂ ಅವರನ್ನು ದೇವರಂಥವರು ಎನ್ನುತ್ತಿದ್ದಳು.

"ನೋಡು ತಾಯಿ," ಎಂದಿದ್ದರು ಸಂಪಾದಕರು. ಅವರ ಮಾತು ಶುರುವಾಗುವುದೇ ಹಾಗೆ. "ನೀನು ದುಡುಕ್ಬೇಡ. ಪೊಲೀಸ್ರಿಗೆ ನಾನೇ ಹೇಳ್ತೀನಿ. ನಿಮ್ಮಕ್ಕನ್ನೂ ನಾನೇ ಕಾರಲ್ಲಿ ಕರ್ಕೊಂಡು ಬರ್ತೀನಿ. ಅಲ್ಲೀ ತನಕ ಧಾರಾಳಪ್ಪನ್ನ ಮಾತಾಡಿಸ್ತಾ ಇರು, ಅಷ್ಟೇ."

ಆಮೇಲೆ ಪ್ರೊಜೆಕ್ಟರ್ ಕೋಣೆಗೆ ಹತ್ತಿ, ಭಾವ ಹೇಳಿಕೊಟ್ಟಿದ್ದ ಗುಂಡಿ ಒತ್ತಿ, ಒಳಮೆಟ್ಟಿಲಿಳಿದು ಹಾಲಿಗೆ ಬಂದಿದ್ದಳು. ಕೋಣೆಯ ಹೊರಬಾಗಿಲಲ್ಲಿ ಭಾವನ ಬೀಗದಕೈ ಗೊಂಚಲು ತೂಗುತ್ತ ಉಳಿಯಿತು. ಫೋನ್? ಅದೂ ಹೊರಗೇ. ಇಷ್ಟು ವರ್ಷದ ಅಭ್ಯಾಸ ನೋಡಿ, ಮೊಗಸಾಲೆಯ ಪೆಟ್ಟಿಗೆಯ ಪಕ್ಕ ಹಾದುಹೋಗುವಾಗ ಕೈ ತಾನಾಗಿಯೇ ಫೋನನ್ನು ಅದರೊಳಗೆ ಹಾಕಿತ್ತು. ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ಮುಂಬಾಗಿಲು ಕಿರುಗುಟ್ಟಿತು.

"ಏನಮ್ಮಾ ಎರಡೂವರೆ, ಒಬ್ಬಳೇ ಕೂತು ದೆವ್ವದ ಸಿನಿಮಾ ನೋಡ್ತಿದೀಯ? ಗಂಡೆದೆ ನಿಂದು!"

ಧಾರಾಳಪ್ಪ ಬಾಗಿಲು ತುಂಬಿಕೊಂಡು ಒಳಬಂದ. ಎಂಥ ಚಿತ್ರಕ್ಕೂ ನಾಲ್ಕು ಸ್ಟಾರಿಗೆ ಕಡಿಮೆ ಕೊಡದ ಕೈ ಅವನದು. ಮೈಯೂ ಅಷ್ಟೇ ಧಾರಾಳ. ಬುಧವಾರ ನಾಲ್ಕನೆಯದಾಗಿ ತೋರಿಸಬೇಕಿದ್ದ ಹೊಡೆದಾಟದ ಚಿತ್ರ ಕೊಲೆಯ ಗಲಾಟೆಯಲ್ಲಿ ಓಡಲೇ ಇಲ್ಲ. ಅದಕ್ಕೂ ಇವತ್ತು ಅವನ ಪತ್ರಿಕೆಯಲ್ಲಿ ನಾಲ್ಕು ಸ್ಟಾರ್ ಬಂದಿತ್ತು.

"ಬನ್ನಿ, ಕೂತ್ಕೊಳ್ಳಿ. ನಿಮ್ಮ ಸೀಟು ಬಿಸಿ ಮಾಡಿಟ್ಟಿದೀನಿ," ಎನ್ನುತ್ತ ಅವಳು ಎದ್ದು ನಡುಸಾಲಿನ ಮೇಜಿನ ಬಳಿ ಹೋದಳು. ನಿರ್ದೇಶಕರು ತಮ್ಮ ಚಿತ್ರ ತಿದ್ದುವಾಗ ಕೂರುವ ಮೇಜದು. ಅಲ್ಲೊಂದು ರಿಮೋಟು, ಚಿಕ್ಕ ದೀಪ, ಮೇಲಿನ ಕೋಣೆಯೊಡನೆ ಮಾತಾಡಲು ಒಂದು ಮೈಕು, ಪುಟ್ಟ ಸ್ಪೀಕರು. ಅವಳು ರಿಮೋಟು ಒತ್ತಿ ದೃಶ್ಯವನ್ನು ಹಿಂದಕ್ಕೆ ಓಡಿಸಿದಳು. ತಾಯಿ ಮತ್ತೆ ನಲ್ಲಿಯ ಮುಂದೆ ನಿಂತಳು.

"ನೋಡಿ ಹೇಳಿ. ಕೆಂಪು ಚಪ್ಪಲಿ ಎಲ್ಲಿ ಕಾಣುತ್ತೆ?"

ನಲ್ಲಿ ನಿಂತಿತು. ತಾಯಿ ತಿರುಗಿದಳು. ಧಾರಾಳಪ್ಪ ಕಂಬದ ಹಿಂದೆ ಕತ್ತು ಚಾಚಿದ, ಎಳೆದುಕೊಂಡ, ಮತ್ತೆ ಚಾಚಿದ.

"ಕಾಣಲ್ಲ," ಅಂದ ಮೆಲ್ಲಗೆ.

"ಹಾಗಾದ್ರೆ ಬುಧವಾರ ಹೇಗೆ ಕಂಡಿತು? ಮೇಷ್ಟ್ರ ಹಿಂದಿನ ಸೀಟಿಂದ ನೋಡಿದ್ರಾ?"

ಹಿಡಿದ ಪಟ್ಟು ಬಿಡುವವಳಲ್ಲ ಅವಳು. ಮೇಜಿಗೆ ಎರಡೂ ಕೈ ಊರಿದಳು.

"ಬುಧವಾರ ಆ ಪ್ರೇಮಕಥೆ ಚಿತ್ರ ಮುಗಿದ್ಮೇಲೆ ಇದೇ ಮೇಜಿನ ಸುತ್ತ ನಿಂತು ಚಹಾ ಕುಡಿದ್ವಿ. ಮೇಷ್ಟ್ರು ಆಗ ಏನಂದ್ರು, ನೆನಪಿದೆಯಾ? ಮುಂದಿನ ಚಿತ್ರದ, ಅಂದ್ರೆ ಇದೇ ಭೂತದ ಚಿತ್ರದ ಕಥೆಗಾರ ಕಳ್ಳಹೆಸರು ಹಾಕ್ಕೊಂಡಿದ್ದಾನೆ, ಅವನು ಹೊರಗಿನೋನಲ್ಲ, ನಮ್ಮ ವಿಮರ್ಶೆಯವರ ಪೈಕಿನೇ, ತನ್ನ ಕಥೆಗೆ ತನ್ನ ಪುಟದಲ್ಲೇ ಶಹಬ್ಬಾಸ್‌ಗಿರಿ ಕೊಟ್ಕೊಳ್ತಾನೆ, ಈ ವಾರ ಬರೆದು ಮುಖಕ್ಕೆ ಮಸಿ ಬಳೀತೀನಿ ಅಂದ್ರು. ಮುಂದಿನ ಚಿತ್ರ ಮುಗಿಯೋದ್ರಲ್ಲಿ ಅವರೇ ಮುಗಿದ್ರು. ಆ ಕಥೆ ನಿಮ್ದೇ ಅಲ್ವೇನ್ರೀ?"

"ನಂದು?"

ಧಾರಾಳಪ್ಪ ನಗತೊಡಗಿದ. ಸಣ್ಣ ನಗೆಯಲ್ಲ, ಹೊಟ್ಟೆ ಕುಣಿಯುವ ನಗೆ. ಬುಧವಾರ ಬೆಳಗಿನ ನಗೆಚಿತ್ರಕ್ಕೆ ಕೂಡ ಅವನು ಹೀಗೆ ನಕ್ಕಿರಲಿಲ್ಲ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ಆಮೇಲೆ ನೋಡಿದರೆ ಆ ಕಣ್ಣೀರು ನಗೆಯದಾಗಿ ಉಳಿದಿರಲಿಲ್ಲ.

"ಅಮ್ಮಾ, ನಾನು ನಾಲ್ಕು ಸಾಲು ಬರೆಯೋಕೆ ತಿಣುಕಾಡೋನು. ಕಥೆ ಬರೀತೀನಾ? ಈ ಮೂಲೆ ಸೀಟು ನಾನು ಯಾಕೆ ಹಿಡಿದಿದ್ದೀನಿ ಗೊತ್ತಾ? ಕಂಬದ ಮರೇಲಿ ನಿದ್ದೆ ಮಾಡಿದ್ರೆ ಯಾರಿಗೂ ಕಾಣಲ್ಲ. ಅವತ್ತೂ ನಿದ್ದೆ ಮಾಡಿದೆ. ಶುರುವಿನ ಹೆಸರು ಬರೋವಾಗ ಕಣ್ಣು ಮುಚ್ಚಿದ್ದು, ದೀಪ ಹತ್ತಿದಾಗ ಬಿಟ್ಟಿದ್ದು. ನನ್ನಿಂದ ಎರಡು ಮಾರು ದೂರದಲ್ಲಿ ಒಬ್ರು ಸಾಯ್ತಾ ಇದ್ರು, ನಾನು ಗೊರಕೆ ಹೊಡೀತಿದ್ದೆ. ಎದ್ದು ನೋಡಿದ್ರೆ ಅವರು ಶಾಲು ಮುಖಕ್ಕೆ ಹೊದ್ದು ಕೂತಿದ್ರು. ಮೇಷ್ಟ್ರೇ, ನೀವೂ ಮಲಗಿಬಿಟ್ರಾ, ಹಾಗಾದ್ರೆ ಈ ಚಿತ್ರಕ್ಕೆ ಒಂದೇ ಸ್ಟಾರ್ ಅಂತ ತಮಾಷೆ ಬೇರೆ ಮಾಡಿದೆ. ಎರಡು ದಿನದಿಂದ ಆ ಮಾತು ಕಿವೀಲೇ ಇದೆ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಇವನಲ್ಲದಿದ್ದರೆ ಭಾವನ ಗತಿಯೇನು?

"ನಿದ್ದೆ ಮಾಡಿದೋರಿಗೆ ಚಪ್ಪಲಿ ಕನಸಲ್ಲಿ ಬಂತಾ?"

"ಯಾರೋ ಹೇಳಿದ್ರು, ಬರೆದೆ. ಗೊತ್ತಿಲ್ಲ ಅನ್ನೋಕಾಗುತ್ತಾ ನಮ್ಮ ಕಸುಬಲ್ಲಿ? ಆ ಶಾಟ್ ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ, ಅಬ್ಬಾ ಅದ್ಭುತ ಅನ್ನಬೇಕು. ನೋಡಲಿಲ್ಲ ಅಂದ್ರೆ ಮರ್ಯಾದೆ ಹೋಯ್ತು. ನೀನಾದ್ರೂ ಹಾಗೇ ತಾನೆ? ನೀನೂ ಇವತ್ತು ಅದೇ ಚಪ್ಪಲಿ ಬರೆದಿದೀಯಲ್ಲಮ್ಮ, ನಿನ್ನ ಪೇಪರಲ್ಲಿ."

ಎರಡೂವರೆಯ ಮುಖ ಬಿಸಿಯಾಯಿತು.

ಅವಳು ಬರೆದಿರಲಿಲ್ಲ. ಬುಧವಾರ ಆ ದೃಶ್ಯದ ಹೊತ್ತಿಗೆ ಅವಳು ಮುಂದಿನ ಸಾಲಿನಲ್ಲಿ ಬಗ್ಗಿ, ಕೈಜಾರಿ ಬಿದ್ದ ಪೆನ್ನು ತಡಕಾಡುತ್ತಿದ್ದಳು. ನಲ್ಲಿಯ ಸದ್ದು ಕೇಳಿತ್ತು, ನಿಂತದ್ದೂ ಕೇಳಿತ್ತು, ತಲೆಯೆತ್ತುವಷ್ಟರಲ್ಲಿ ದೃಶ್ಯವೇ ಬದಲಾಗಿತ್ತು. ಇವತ್ತು ಬೆಳಿಗ್ಗೆ ಅಚ್ಚಾಗಿ ಬಂದ ತನ್ನ ವಿಮರ್ಶೆಯಲ್ಲಿ ಸಂಪಾದಕರು ಒಂದು ಸಾಲು ಸೇರಿಸಿದ್ದನ್ನು ಕಂಡಳು. 'ನಲ್ಲಿ ನಿಂತಿತು, ಹೊಸ್ತಿಲ ಮೇಲೆ ಒಂಟಿ ಕೆಂಪು ಚಪ್ಪಲಿ ಮೂಡಿತು, ಕೆಮ್ಮುತ್ತಿದ್ದವರ ಕೆಮ್ಮೂ ಅಲ್ಲಿಗೇ ನಿಂತಿತು.' ಚಂದದ ಸಾಲು. ಅವಳಿಗೆ ಹೊಳೆಯದಿದ್ದ ಸಾಲು. ತಾನು ನೋಡದ್ದು ತಿದ್ದಿದವರಿಗೆ ಯಾರಿಂದಲೋ ತಿಳಿದಿದೆ ಎನ್ನುವುದಕ್ಕೇ ನಾಚಿ, ಕೇಳದೆ ಸುಮ್ಮನಾಗಿದ್ದಳು.

"ಅದು ನಾನು ಬರೆದದ್ದಲ್ಲ," ಎಂದಳು ಕೊನೆಗೂ. "ನಾನೂ ಆ ಚಪ್ಪಲಿ ನೋಡಿಲ್ಲ."

"ಓಹೋ! ಹಾಗಾದ್ರೆ ನೋಡಿದೋರು ಯಾರಮ್ಮ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ನಿಮಿಷದ ಹಿಂದೆ ಹುಲಿ ಮೇಕೆಯಂತಿದ್ದವರು ಈಗ ಒಂದೇ ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವರಂತಾಗಿದ್ದರು.

"ಈ ಕಡೆ ಬನ್ನಿ," ಎಂದಳು ಅವಳು. "ಇಲ್ಲಿಂದ ಪರದೆ ಪೂರ್ತಿ ಕಾಣುತ್ತೆ. ಇಬ್ರೂ ಸೇರಿ ನೋಡೋಣ."

ಅವಳು ಮತ್ತೆ ಹಿಂದಕ್ಕೆ ಓಡಿಸಿದಳು. ನೀರು ಸುರಿಯಿತು. ತಟ್ಟೆಗೆ ತಟ್ಟೆ ತಾಗಿತು. ತಾಯಿ ನಲ್ಲಿ ನಿಲ್ಲಿಸಿ, ಎಡಕ್ಕೆ ತಿರುಗಿದಳು.

ಹೊಸ್ತಿಲು ಖಾಲಿಯಾಗಿತ್ತು.

ಚಪ್ಪಲಿ ಇರಲಿಲ್ಲ. ಕೆಂಪೂ ಇಲ್ಲ, ಕಪ್ಪೂ ಇಲ್ಲ. ಬೋಳು ಹೊಸ್ತಿಲನ್ನು ನೋಡಿ ಆ ತಾಯಿ ಬಿಳಿಚಿಕೊಂಡಳು. ಎರಡೂವರೆ ಚಿತ್ರವನ್ನು ಅಲ್ಲೇ ನಿಲ್ಲಿಸಿ, ಮುಂದೆ ಹೋಗಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದಳು. ಇಲ್ಲ.

"ಕೊನೇ ಗಳಿಗೇಲಿ ತೆಗೆದುಬಿಟ್ಟಿದ್ದಾರೆ," ಅಂದ ಧಾರಾಳಪ್ಪ. "ನಿರ್ದೇಶಕರ ಬುದ್ಧಿ. ಬರೆದಿದ್ದೊಂದು, ಶೂಟ್ ಮಾಡಿದ್ದೊಂದು, ತೋರಿಸೋದೊಂದು."

"ತೆಗೆದದ್ದೇ ಒಳ್ಳೇದಾಯ್ತು," ಎಂದಳು ಅವಳು, ಅಂಥ ಹೊತ್ತಿನಲ್ಲೂ ವಿಮರ್ಶೆ ಬಿಡದೆ. "ಖಾಲಿ ಹೊಸ್ತಿಲೇ ಜಾಸ್ತಿ ಹೆದರಿಸುತ್ತೆ. ಚಪ್ಪಲಿ ಇಟ್ಟಿದ್ರೆ ಸಸ್ತಾ ಆಗ್ತಿತ್ತು."

ಆಮೇಲೆ ಅವಳಿಗೆ ತಾನು ಏನು ಹೇಳಿದೆನೆಂಬುದು ಅರಿವಿಗೆ ಬಂತು. ಬುಧವಾರ ಈ ಹಾಲಿನಲ್ಲಿ ಯಾರೂ ಚಪ್ಪಲಿ ನೋಡಿರಲು ಸಾಧ್ಯವಿಲ್ಲ. ಅದು ಇರಲೇ ಇಲ್ಲ. ಅದನ್ನು ಬಲ್ಲವನು ಒಬ್ಬನೇ, ಆ ದೃಶ್ಯವನ್ನು ಕಾಗದದ ಮೇಲೆ ಬರೆದವನು. ಅದನ್ನು ಚಿತ್ರದಿಂದ ತೆಗೆದಿದ್ದಾರೆಂಬುದು ಆ ಪುಣ್ಯಾತ್ಮನಿಗೆ ಇನ್ನೂ ಗೊತ್ತಿಲ್ಲ. ತನ್ನ ಮುದ್ದಿನ ಚಪ್ಪಲಿಯನ್ನು ಜನ ಹೊಗಳದೆ ಹೋದಾರೆಂದು ತಾನೇ ಎಲ್ಲರ ಬಾಯಿಗೆ ತುರುಕಿದ್ದಾನೆ.

"ನಿಮಗೆ ಯಾರು ಹೇಳಿದ್ದು?" ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಇನ್ಯಾರು? ನಿಮ್ಮ ಸಂಪಾದಕರೇ! ಬುಧವಾರ ಸಂಜೆ ಫೋನ್ ಮಾಡಿದ್ರು, ಮೇಷ್ಟ್ರ ಸುದ್ದಿ ಕೇಳೋಕೆ. ಮಾತಿಗೆ ಮಾತು ಬಂದು, ಆ ಚಪ್ಪಲಿ ಶಾಟ್ ಹೇಗಿತ್ತಪ್ಪ ಅಂದ್ರು. ನಾನು ಅಬ್ಬಾ ಅಂದೆ. ಎರಡು ಸಾಲು ಬರಿ, ಚೆನ್ನಾಗಿರುತ್ತೆ ಅಂದ್ರು. ಬರೆದೆ."

"ಅವರು ಬುಧವಾರ ಬಂದೇ ಇರಲಿಲ್ಲ. ನನಗೆ ಬಿ.ಪಿ. ಇದೆ, ಭೂತದ ಚಿತ್ರ ನೋಡಲ್ಲ ಅಂದಿದ್ರು."

"ಬರದೇ ಇರಬಹುದು. ಕಥೆ ಬರೆದ ಮಾತ್ರಕ್ಕೆ ಕೊಲೆ ಮಾಡಿದ ಅಂತ ಆಗುತ್ತಾ? ಮನೇಲೇ ಇದ್ರೋ ಏನೋ. ದೊಡ್ಡೋರಮ್ಮ, ಬಾಯಿಗೆ ಬಂದಹಾಗೆ ಅನ್ಬೇಡ."

ಹೌದು, ಹಾಗೂ ಇರಬಹುದು. ಇರಲಿ ಎಂದು ಅವಳ ಮನಸ್ಸು ಬೇಡುತ್ತಿತ್ತು. ಕೆಲಸ ಕೊಟ್ಟವರು, ಕೈ ಹಿಡಿದು ತಿದ್ದಿದವರು. ಮನೇಲೇ ಇದ್ದರೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಆ ಇನ್ನೊಂದು ಮಾತು?

ಕೆಮ್ಮುತ್ತಿದ್ದವರ ಕೆಮ್ಮೂ ಅಲ್ಲಿಗೇ ನಿಂತಿತು.

ಬುಧವಾರ ಮೇಷ್ಟ್ರು ಬೆಳಗಿನಿಂದ ಕೆಮ್ಮುತ್ತಲೇ ಇದ್ದರು. ನಗೆಚಿತ್ರದಲ್ಲಿ ಉಳಿದಿಬ್ಬರ ನಗೆಯ ನಡುವೆ ಕೆಮ್ಮಿದರು. ಪ್ರೇಮಕಥೆಯಲ್ಲಿ ನಾಯಕಿ ಅಳುವಾಗ ಸರಿಯಾಗಿ ಕೆಮ್ಮಿ ಅವಳ ಅಳುವನ್ನು ಹಾಳು ಮಾಡಿದರು. ಭೂತದ ಚಿತ್ರದಲ್ಲೂ ಹಿಂದಿನಿಂದ ಖೊಕ್ಕ್ ಖೊಕ್ಕ್ ಕೇಳುತ್ತಲೇ ಇತ್ತು. ಪೆನ್ನು ತಡಕುತ್ತ ಬಗ್ಗಿದ್ದವಳಿಗೆ, ನಲ್ಲಿ ನಿಂತ ಆ ಮೌನದಲ್ಲಿ, ಕೆಮ್ಮೂ ನಿಂತದ್ದು ತಿಳಿದಿತ್ತು. ಸದ್ಯ, ಬಾಯಿಗೇನೋ ಹಾಕಿಕೊಂಡರು ಎಂದು ಅವಳು ಖುಷಿಪಟ್ಟಿದ್ದಳು. ಒಬ್ಬ ಮನುಷ್ಯನ ಉಸಿರು ನಿಂತಾಗ ತಾನು ಖುಷಿಪಟ್ಟೆ ಎನ್ನುವುದನ್ನು ಹೇಳಲು ನಾಲಗೆ ಏಳದೆ, ಪೊಲೀಸರ ಮುಂದಾಗಲಿ ಅಕ್ಕನ ಮುಂದಾಗಲಿ ಅವಳು ಆ ಮಾತೆತ್ತಿರಲಿಲ್ಲ.

"ರೀ, ಮೇಷ್ಟ್ರ ಕೆಮ್ಮಿನ ವಿಷಯ ಸಂಪಾದಕರಿಗೆ ಹೇಳಿದ್ರಾ?"

"ಯಾವ ಕೆಮ್ಮು? ನಿದ್ದೇಲಿದ್ದೆ ಅಂದ್ನಲ್ಲ."

ಅವನು ಹೇಳಿಲ್ಲ. ಅವಳು ಹೇಳಿಲ್ಲ. ಮೇಷ್ಟ್ರು ಹೇಳಲು ಉಳಿದಿಲ್ಲ. ಆ ಕೆಮ್ಮು ಯಾವ ದೃಶ್ಯದಲ್ಲಿ ನಿಂತಿತು ಎನ್ನುವುದು, ಕೇಳಿಸಿಕೊಂಡ ಅವಳನ್ನು ಬಿಟ್ಟರೆ, ನಿಲ್ಲಿಸಿದ ಕೈಗೆ ಮಾತ್ರ ಗೊತ್ತು. ತಾನು ಬರೆದ ದೃಶ್ಯ ಪರದೆಯ ಮೇಲೆ ಬಂದಾಗ ಅವನು ಪರದೆ ನೋಡುತ್ತಿರಲಿಲ್ಲ. ನೋಡಿದ್ದರೆ ಚಪ್ಪಲಿ ಇಲ್ಲವೆಂದು ತಿಳಿಯುತ್ತಿತ್ತು. ಅವನ ಕೈಗೆ ಬೇರೆ ಕೆಲಸವಿತ್ತು.

ಅವಳು ರಿಮೋಟನ್ನು ಮೇಜಿನ ಮೇಲಿಟ್ಟಳು.

ಭಾವ ಬಾಯಿ ಕಟ್ಟಿಕೊಂಡದ್ದು ಈಗ ಅರ್ಥವಾಯಿತು. ಸಂಪಾದಕರು ಮೇಲಿನ ಕೋಣೆಯ ಕಿಂಡಿಯಿಂದ ಚಿತ್ರ ನೋಡುತ್ತೇನೆಂದು ಬಂದಿರಬೇಕು, ಯಾರಿಗೂ ಹೇಳಬೇಡ ಎಂದಿರಬೇಕು. ನಾದಿನಿಗೆ ಅನ್ನ ಕೊಡುವ ಧಣಿಗೆ ಭಾವ ಇಲ್ಲ ಅಂದಾನೆಯೇ? ಹೇಳಿದರೆ ಅವಳ ಕೆಲಸ ಹೋದೀತೆಂದು ಕೊಲೆಯ ಆರೋಪವನ್ನೇ ನುಂಗಿಕೊಂಡು ಕೂತಿದ್ದಾನೆ. ಕೆಲಸ ಮಾತ್ರ ಬಿಡ್ಬೇಡ ಪುಟ್ಟಿ. ಅವಳಿಗೆ ಅಳು ಒತ್ತರಿಸಿ ಬಂತು. ಎಂಥ ಪೆದ್ದ ನನ್ನ ಭಾವ, ಎಂಥ ಬಂಗಾರದ ಮನುಷ್ಯ.

"ನಡೀರಿ, ಠಾಣೆಗೆ ಹೋಗೋಣ. ಈಗಲೇ. ಅಕ್ಕ..."

ಅಕ್ಕ. ಅಕ್ಕನನ್ನು ಕಾರಿನಲ್ಲಿ ಕರೆತರುತ್ತೇನೆಂದು ಹೇಳಿದ್ದು ಯಾರು? ಸರಿ ಸರ್, ನಿಮ್ಮ ಉಪಕಾರ ಮರೆಯಲ್ಲ ಸರ್ ಎಂದು ಒಪ್ಪಿಸಿದ್ದು ಯಾರು?

ಅವಳು ಮುಂಬಾಗಿಲಿಗೆ ಓಡಿ ತಳ್ಳಿದಳು. ಅದು ಅಲುಗಲಿಲ್ಲ. ಭುಜ ಕೊಟ್ಟು ತಳ್ಳಿದಳು. ಧಾರಾಳಪ್ಪ ತನ್ನ ಧಾರಾಳ ಮೈಯನ್ನೆಲ್ಲ ಹಾಕಿ ಗುದ್ದಿದ. ಗೋದಾಮಿನ ಕಾಲದ ದಪ್ಪ ಬಾಗಿಲು, ಮೇಲೆ ಸದ್ದು ಹೊರಹೋಗದಂತೆ ಹೊಡೆದ ಮೆತ್ತೆ. ಗುದ್ದಿದ ಸದ್ದು ಅವರಿಗೇ ಸರಿಯಾಗಿ ಕೇಳಲಿಲ್ಲ.

"ಹೊರಗಿಂದ ಚಿಲಕ ಹಾಕಿದ್ದಾರೆ," ಅಂದ ಅವನು ಏದುಸಿರು ಬಿಡುತ್ತ. "ಪೊಲೀಸ್ರಿಗೆ ಫೋನ್ ಮಾಡು."

"ನನ್ನ ಫೋನು..." ಅವಳು ಚೀಲ ತಡಕಿ, ಪೆಟ್ಟಿಗೆ ನೆನಪಾಗಿ ಕೈ ಬಿಟ್ಟಳು. "ನಿಮ್ದು ಕೊಡಿ."

ಧಾರಾಳಪ್ಪ ಜೇಬು ಮುಟ್ಟಿಕೊಂಡ. ಅವನ ಮುಖ ಇಳಿಯಿತು. "ಬರ್ತಾ ಪೆಟ್ಟಿಗೇಲಿ ಹಾಕಿದೆ ಕಣಮ್ಮ. ಯಾರೂ ಕೇಳೋರ್ ಇರಲಿಲ್ಲ, ಆದ್ರೂ ಹಾಕಿದೆ."

ಬೇರೆ ಯಾವ ಕಸುಬಿನವರಾದರೂ ಇಂಥ ದಡ್ಡತನ ಮಾಡುತ್ತಿರಲಿಲ್ಲ. ಅವಳು ಹಿಂಭಾಗಕ್ಕೆ ಓಡಿ ಬಟ್ಟೆಯ ಪರದೆ ಸರಿಸಿ ಮೆಟ್ಟಿಲು ಹತ್ತಿದಳು. ತಾನು ತೆರೆದೇ ಇಟ್ಟು ಬಂದಿದ್ದ ಮೇಲಿನ ಬಾಗಿಲು ಮುಚ್ಚಿತ್ತು. ಕೈಯಿಟ್ಟು ನೂಕಿದಳು. ಅಗುಳಿ ಬಿದ್ದಿತ್ತು.

ಬಾಗಿಲ ಆಚೆ ಯಾರೋ ಉಸಿರಾಡುತ್ತಿದ್ದರು.

ಹಾಲಿನಲ್ಲಿ ಉರಿಯುತ್ತಿದ್ದ ಮಂದ ದೀಪವೂ ಆರಿತು. ನಿಂತಿದ್ದ ಚಿತ್ರ ತಾನಾಗಿಯೇ ಹಿಂದಕ್ಕೆ ಓಡಿತು. ನಲ್ಲಿಯ ನೀರು ಮತ್ತೆ ಸುರಿಯತೊಡಗಿತು. ಅವಳು ತಡವರಿಸುತ್ತ ಮೆಟ್ಟಿಲಿಳಿದು ಬಂದಾಗ ಧಾರಾಳಪ್ಪ ಮೇಜಿನತ್ತ ಬೆರಳು ತೋರುತ್ತಿದ್ದ. ಮೈಕಿನ ತಲೆಯ ಮೇಲಿನ ಚಿಕ್ಕ ಕೆಂಪು ದೀಪ ಉರಿಯುತ್ತಿತ್ತು. ಅದು ಯಾವಾಗಿನಿಂದ ಉರಿಯುತ್ತಿತ್ತೋ. ಇಲ್ಲಿ ಆಡಿದ ಪ್ರತಿ ಮಾತೂ ಮೇಲೆ ಕೇಳಿದೆ. ಬುಧವಾರ ಚಹಾ ಕುಡಿಯುತ್ತ ಮೇಷ್ಟ್ರು ಆಡಿದ ಮಾತೂ ಹೀಗೇ ಕೇಳಿರಬೇಕು.

ಪರದೆಯ ಮೇಲೆ ತಾಯಿ ನಲ್ಲಿ ನಿಲ್ಲಿಸಿ ತಿರುಗಿದಳು. ಖಾಲಿ ಹೊಸ್ತಿಲು. ಚಿತ್ರ ಅಲ್ಲೇ ನಿಂತಿತು.

ಪುಟ್ಟ ಸ್ಪೀಕರು ಕರಕರ ಎಂದಿತು.

"ತೆಗೆದುಬಿಟ್ಟಿದ್ದಾನಾ?" ಎಂದಿತು ಸಂಪಾದಕರ ದನಿ. ಅದರಲ್ಲಿ ಸಿಟ್ಟಿರಲಿಲ್ಲ. ಮನೆಯವರನ್ನು ಕಳೆದುಕೊಂಡವರ ದನಿಯಂತಿತ್ತು. "ನನಗೆ ಒಂದು ಮಾತೂ ಹೇಳದೆ ತೆಗೆದುಬಿಟ್ಟಿದ್ದಾನಾ? ನೋಡು ತಾಯಿ, ಹತ್ತು ಸಲ ಬರೆದು ಹರಿದು ಬರೆದ ಶಾಟ್ ಅದು. ಸಸ್ತಾ ಅಂದ್ಯಲ್ಲ ನೀನು."

"ಸರ್," ಎಂದಳು ಅವಳು ಮೈಕಿಗೆ ಬಾಗಿ. "ಸರ್, ನನ್ನಕ್ಕ ಎಲ್ಲಿ?"

ಉತ್ತರಕ್ಕೆ ಬಂದದ್ದು ಬೇರೊಂದು ದನಿ, ದೂರದಿಂದ, ಏನೂ ಅರಿಯದ, ಸ್ವಲ್ಪ ಉಬ್ಬಸದ ದನಿ.

"ಪುಟ್ಟೀ? ಕೆಳಗಿದ್ದೀಯೇನೆ? ಕಾರಲ್ಲೇ ಇರ್ತೀನಿ ಅಂದ್ರೂ ಸರ್ ಕೇಳಲಿಲ್ಲ ಕಣೇ, ನಿಮ್ಮೆಜಮಾನ್ರು ಕೆಲಸ ಮಾಡೋ ಜಾಗ ನೋಡುವಿಯಂತೆ ಬಾ ಅಂತ ಮೇಲೆ ಕರ್ಕೊಂಡು ಬಂದ್ರು. ಅಯ್ಯೋ, ಏನ್ ಧೂಳೇ ಇಲ್ಲಿ..."

"ಅಕ್ಕಾ, ಓಡು! ಅಲ್ಲಿಂದ ಓಡೇ!"

ಅಕ್ಕ ಕೆಮ್ಮತೊಡಗಿದ್ದಳು. ಅವಳ ಕೆಮ್ಮಿನಲ್ಲಿ ತಂಗಿಯ ಕೂಗು ಅವಳಿಗೆ ಕೇಳಿತೋ ಇಲ್ಲವೋ. ಒಂದರ ಹಿಂದೊಂದು, ಉಸಿರಿಗೆ ಜಾಗವಿಲ್ಲದಂತೆ, ಭಾವ ಇಷ್ಟು ವರ್ಷ ಅಂಗಿ ಕೊಡವಿ ಹೊರಗೇ ಇಟ್ಟಿದ್ದ ಧೂಳಿನ ಕೆಮ್ಮು ಆ ಪುಟ್ಟ ಸ್ಪೀಕರಿನಿಂದ ಹಾಲಿನ ತುಂಬ ಕೇಳಿತು. ಎರಡೂವರೆ ಎರಡೂ ಕೈಯಲ್ಲಿ ಮೈಕು ಹಿಡಿದು ಕಿರುಚುತ್ತಲೇ ಇದ್ದಳು.

ಕೆಮ್ಮು ನಿಂತಿತು.